ಮೀನಿನ ಐಸು, ನನ್ನ ಸುಸ್ತು

ಮೀನಿಗೆ ಹಾಕುವ ಐಸನ್ನು ನೀವು ಎಂದಾದರೂ ಕಡಿದು ತಿಂದಿದ್ದೀರಾ? ಮುಖ ಸಿಂಡರಿಸಬೇಡಿ. ನಾನು ದಿನಾ ತಿನ್ನುತ್ತಿದ್ದೆ. ಮೀನು ತುಂಬುವ ಮೊದಲೇ ಒಂದು ಹಿಡಿ ಬೇರೆ ತೆಗೆದಿಡುತ್ತಿದ್ದೆ, ಅಷ್ಟು ಚೊಕ್ಕತನ ನನಗೂ ಗೊತ್ತು.

ನಮ್ಮ ಮನೆ ಮಾವಿನಕುರ್ವೆಯಲ್ಲಿ, ಮೀನು ಮಾರುವುದು ಹೊನ್ನಾವರದಲ್ಲಿ. ಪೇಟೆಯ ಸಾಲಿನಲ್ಲಿ ನಾನು ಕೂರುವ ಜಾಗ ನನ್ನ ಅತ್ತೆಯಿಂದ ಬಂದದ್ದು. ಪಕ್ಕದಲ್ಲಿ ಕೂರುವವಳು ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ನನ್ನ ಐಸು ಮುಗಿದರೆ ಅವಳ ಡಬ್ಬಿಗೆ ಕೈ ಹಾಕುತ್ತಿದ್ದೆ. ಐಸ್ ಕಳ್ಳಿ ಎಂದು ಹೆಸರಿಟ್ಟಿದ್ದಳು.

ಸುಸ್ತು ಶುರುವಾದದ್ದು ಮಳೆಗಾಲದಲ್ಲಿ, ಮೀನುಗಾರಿಕೆ ನಿಲ್ಲಿಸಿ ಬೋಟುಗಳನ್ನು ದಡದಲ್ಲಿ ಕಟ್ಟಿದ ಮೇಲೆ. ಆ ಎರಡು ತಿಂಗಳು ನಾವೆಲ್ಲ ಜಡವಾಗುತ್ತೇವೆ. ಬೋಟು ನೀರಿಗಿಳಿದರೆ ಮೈಯೂ ಏಳುತ್ತದೆ ಎಂಬ ನಂಬಿಕೆ. ನಾನೂ ಕಾದೆ. ಬೋಟು ಇಳಿಯಿತು. ಬಂಗಡೆ ಬಂತು. ನಾನು ಏಳಲಿಲ್ಲ.

ನೋವಿದ್ದರೆ ನರಳಬಹುದಿತ್ತು. ಹಳೆಯ ಮೊಣಕಾಲು ನೋವು ಬಿಟ್ಟರೆ ಬೇರೆ ನೋವೂ ಇರಲಿಲ್ಲ. ರಾತ್ರಿಯೆಲ್ಲ ಮಲಗಿದರೂ ಬೆಳಿಗ್ಗೆ ಅದೇ ಸುಸ್ತು. ಬುಟ್ಟಿ ಹೊತ್ತು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮೊಮ್ಮಗಳು ಶಾಲೆಯ ಬಹುಮಾನ ತಂದು ತೋರಿಸಿದಳು, ಚೆನ್ನಾಗಿದೆ ಎಂದೆ. ಒಳಗೆ ಏನೂ ಆಗಲಿಲ್ಲ. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಸೊಸೆ ಮನೆಯಲ್ಲೇ ಕೂರಿಸುತ್ತಾಳೆ, ಬಿಟ್ಟ ಜಾಗಕ್ಕೆ ವಾರದೊಳಗೆ ಬೇರೆಯವರ ಬುಟ್ಟಿ ಬರುತ್ತದೆ.

ಒಂದು ದಿನ ಗಿರಾಕಿಯೊಬ್ಬ ಅರ್ಧ ಬೆಲೆಗೆ ಕೇಳಿದ. ಸುಮ್ಮನೆ ಕೊಟ್ಟುಬಿಟ್ಟೆ. ಪಕ್ಕದವಳು ಕತ್ತಿ ಕೆಳಗಿಟ್ಟಳು.

"ಅಕ್ಕಾ, ನೀ ಅವ್ನಿಗೆ ಬೈಲಿಲ್ಲ. ನಿಂಗೆ ಎಂತೋ ಆಗ್ಯದೆ. ನಡಿ ಡಾಕ್ಟರ ಹತ್ರ."

ಜಾಗ ಯಾರು ನೋಡುತ್ತಾರೆ ಎಂದೆ. ಅವಳು ತನ್ನ ಬುಟ್ಟಿಗಳನ್ನು ನನ್ನ ಜಾಗದವರೆಗೂ ಹರಡಿದಳು, ನನ್ನ ಸೊಸೆಗೂ ಫೋನು ಮಾಡಿದಳು.

ಸೊಸೆ ಕರೆದೊಯ್ದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ನಿದ್ದೆ, ಊಟ, ತೂಕ, ಮನಸ್ಸು, ಎಲ್ಲ ಕೇಳಿದರು. ಸಕ್ಕರೆ ಕಾಯಿಲೆ, ಥೈರಾಯ್ಡ್, ಮನಸ್ಸು ಕುಗ್ಗುವುದು, ಯಾವುದರಿಂದಲೂ ಹೀಗಾಗಬಹುದು, ರಕ್ತ ಪರೀಕ್ಷೆ ಮಾಡೋಣ ಎಂದರು. ಆಮೇಲೆ, ಮಣ್ಣು, ಅಕ್ಕಿ, ಐಸು, ಇಂಥದ್ದು ತಿನ್ನಬೇಕು ಅನಿಸುತ್ತದಾ ಎಂದು ಕೇಳಿದರು. ಸೊಸೆ ನನ್ನನ್ನೇ ನೋಡಿದಳು. ಐಸು ತಿನ್ನುವುದು ಮೀನು ಮಾರುವವಳ ಚಟ ಎಂದುಕೊಂಡಿದ್ದೆ, ರಕ್ತ ಕಡಿಮೆಯಾದರೂ ಅಂಥ ಆಸೆ ಬರುತ್ತದಂತೆ.

ಮಲ ಕಪ್ಪಗಾಗಿದೆಯಾ ಎಂದೂ ಕೇಳಿದರು. ಆಗಿತ್ತು. ಮಸಿ ಕಾರುವ ಬೊಂಡಾಸ ಮೀನು ತಿಂದದ್ದಕ್ಕೆ ಎಂದುಕೊಂಡು ಬಿಟ್ಟಿದ್ದೆ. ಮೊಣಕಾಲು ನೋವಿಗೆ ದಿನಾ ಎರಡು ಮಾತ್ರೆ ಅಂಗಡಿಯಿಂದ ತಂದು ನುಂಗುತ್ತಿದ್ದುದನ್ನೂ ಒಪ್ಪಿಕೊಂಡೆ. ಪರೀಕ್ಷೆಯಲ್ಲಿ ರಕ್ತ ತೀರಾ ಕಡಿಮೆ ಎಂದು ಬಂದ ಮೇಲೆ, ಕುಮಟೆಗೆ ಕಳಿಸಿ ಬಾಯಿಂದ ಕೊಳವೆ ಇಳಿಸಿ ನೋಡಿಸಿದರು. ನೋವಿನ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಿತ್ತು, ಅದರಿಂದ ರಕ್ತ ಜಿನುಗುತ್ತಿತ್ತು. ಕೆಟ್ಟ ಕಾಯಿಲೆಯಲ್ಲ ಎಂದಾಗ ಸೊಸೆ ಅತ್ತಳು. ನಾನು ಗೋಡೆಯ ಫ್ಯಾನು ನೋಡುತ್ತಿದ್ದೆ.

ಎರಡು ಮೂರು ವಾರಕ್ಕೂ ಹೋಗದ ಸುಸ್ತನ್ನು ಮನೆಯಲ್ಲಿಟ್ಟುಕೊಂಡು ಕೂರಬಾರದು ಎಂದು ಡಾಕ್ಟರಮ್ಮ ಹೇಳಿದರು. ಮಲ ಕಪ್ಪಾದರೆ, ಎದೆ ನೋವು ಬಂದರೆ, ಉಸಿರು ಕಟ್ಟಿದರೆ, ತಲೆ ತಿರುಗಿ ಬಿದ್ದರೆ ಅದೇ ದಿನ ಬರಬೇಕು. ಅದನ್ನೇ ಇಲ್ಲಿ ಫೋನಿನಲ್ಲಿ ಒಂದು ಬೆರಳಲ್ಲಿ ಒತ್ತಿ ಒತ್ತಿ ಬರೆದಿದ್ದೇನೆ.

ನೋವಿನ ಮಾತ್ರೆ ಬಿಟ್ಟೆ, ಹುಣ್ಣಿಗೂ ರಕ್ತಕ್ಕೂ ಮಾತ್ರೆ ತಗೊಂಡೆ. ಎರಡು ತಿಂಗಳ ಮೇಲೆ ಪೇಟೆಗೆ ಹೋದೆ. ಪಕ್ಕದವಳ ಬುಟ್ಟಿಗಳು ಇನ್ನೂ ಎರಡು ಜಾಗದಲ್ಲೇ ಇದ್ದವು. ಅವಳು ಅವನ್ನು ಸರಿಸಿಕೊಂಡು, ಡಬ್ಬಿಯಿಂದ ಒಂದು ಐಸಿನ ತುಂಡು ತೆಗೆದು ನನ್ನ ಮುಂದೆ ಹಿಡಿದಳು. ನೋಡಿದೆ. ತಿನ್ನಬೇಕು ಅನಿಸಲಿಲ್ಲ. ಬೇಡ ಎಂದೆ.

"ಆತು ಬಿಡು. ಇನ್ನಾದ್ರೂ ನನ್ ಮೀನಿಗೆ ಐಸ್ ಉಳೀತದೆ," ಎಂದಳು.