ಅಂಟಿಕೊಂಡ ಎರಡು ಬನ್ನು

ಹೋದ ವಾರ ದೊಡ್ಡಬಳ್ಳಾಪುರದಲ್ಲಿ ಒಂದು ಗುಜರಿ ಅಂಗಡಿಯ ಮುಂದೆ ಬೇಕರಿಯ ತಗಡಿನ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಕರಕಲು ಹಿಡಿದು, ಅಂಚು ಸೊಟ್ಟಗಾಗಿದ್ದವು. ಬಿಸಿಲಿಗೆ ಅವುಗಳಿಂದ ಸುಟ್ಟ ಡಾಲ್ಡಾ ವಾಸನೆ ಬರುತ್ತಿತ್ತು. ಆ ವಾಸನೆಗೆ ನಮ್ಮ ಬೀದಿಯ ಬೇಕರಿಯವರು ನೆನಪಾದರು... ಅವರ ಹಿಂದೆಯೇ ನಮ್ಮ ಚರ್ಚಿನ ಸಭೆಯ ದೊಡ್ಡ ಮನುಷ್ಯರೂ ನೆನಪಾಗಿ ಮೈ ಉರಿಯಿತು.

ಬೇಕರಿಯವರು ಹಾಸನದ ಕಡೆಯವರು. ಹಣೆಗೆ ನಾಮ, ಮಾತು ಕಡಿಮೆ, ಆಡಿದರೂ ಸಿಡುಕು. ತಿಂಗಳ ಮೊದಲ ಭಾನುವಾರ ನಮ್ಮ ಸಭೆಯಲ್ಲಿ ಕರ್ತನ ಭೋಜನ. ಅಯ್ಯನವರು, ಅಂದರೆ ನಮ್ಮ ಪಾಸ್ಟರು, ಪ್ರಾರ್ಥನೆ ಮಾಡಿ ರೊಟ್ಟಿ ಮುರಿದು ಹಂಚುತ್ತಿದ್ದರು. ಜೊತೆಗೆ ಒಂದು ಗುಟುಕು ದ್ರಾಕ್ಷಾರಸ. ಆ ರೊಟ್ಟಿ ಎಂದರೆ ಬೇಕರಿಯವರು ಶನಿವಾರ ಸಂಜೆ ಮಾಡಿಕೊಡುತ್ತಿದ್ದ, ಹಾಲು ಸಕ್ಕರೆ ಹಾಕದ ಒಂದು ದೊಡ್ಡ ಸಪ್ಪೆ ಬನ್ನು. ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಳ್ಳುವ ನಾವೆಲ್ಲ ಒಂದೇ ದೇಹ ಎಂದು ಅಯ್ಯನವರು ಪ್ರತಿ ಸಲವೂ ಹೇಳುತ್ತಿದ್ದರು. ನಾವು ಆಮೆನ್ ಅನ್ನುತ್ತಿದ್ದೆವು.

ಆ ಒಂದೇ ದೇಹ ಎರಡಾಗಿದ್ದು ಚಪ್ಪಾಳೆಯಿಂದ. ಹಾಡುವಾಗ ಚಪ್ಪಾಳೆ ತಟ್ಟಬೇಕು, ಡ್ರಮ್ ಬಾರಿಸಬೇಕು ಎಂದು ಚಿಕ್ಕಪ್ಪ. ಕೂಡದು, ಇದೇನು ಆರ್ಕೆಸ್ಟ್ರಾವೇ ಎಂದು ಸಭೆಯ ಹಿರಿಯರಾಗಿದ್ದ ಅಪ್ಪ. ಒಡಹುಟ್ಟಿದವರು ಇಷ್ಟಕ್ಕೇ ವರ್ಷಗಟ್ಟಲೆ ಕಿತ್ತಾಡಿದರು. ನಡುನಡುವೆ ಐಕ್ಯತೆಗಾಗಿ ಉಪವಾಸ ಪ್ರಾರ್ಥನೆ ಬೇರೆ. ಸಂಜೆ ಉಪವಾಸ ಬಿಟ್ಟು ಬಿರಿಯಾನಿ ತಿನ್ನುತ್ತಾ ಮತ್ತೆ ಶುರು. ಕಡೆಗೆ ಚಿಕ್ಕಪ್ಪ ಅರ್ಧ ಸಭೆಯನ್ನು ಕಟ್ಟಿಕೊಂಡು ಹೋಗಿ, ಖಾಲಿ ಬಿದ್ದಿದ್ದ ತಮ್ಮ ಮಗ್ಗದ ಶೆಡ್ಡಿನಲ್ಲಿ, ಬೇರೊಬ್ಬ ಪಾಸ್ಟರನ್ನು ಕರೆತಂದು, ಬೇರೆ ಆರಾಧನೆ ಶುರುಮಾಡಿದರು. ಬೋರ್ಡಿನಲ್ಲಿ ಐಕ್ಯತೆ ಅನ್ನುವ ಪದವನ್ನೂ ಬರೆಸಿದರು. ನಾಚಿಕೆ ಅನ್ನುವುದು ಆ ಕಡೆ ಸುಳಿದಿದ್ದರೆ ತಾನೇ.

ಇದರಲ್ಲಿ ನಿಜವಾಗಿ ನೊಂದವರು ಇವರಿಬ್ಬರ ತಾಯಿ, ನನ್ನ ಅಜ್ಜಿ. ನಮ್ಮ ಮನೆಯಲ್ಲೇ ಇದ್ದರು. ಸಭೆ ಒಡೆದ ಮೇಲೆ ತಟ್ಟೆ ಎದುರಿಗೆ ಬಂದರೂ ಅವರು ರೊಟ್ಟಿ ಮುಟ್ಟುತ್ತಿರಲಿಲ್ಲ. ಅಪ್ಪ ರೇಗಿದರೆ, “ನೀವಿಬ್ರೂ ಒಟ್ಗೆ ಕೂತ್ಕಂಡ ದಿನ ತಗೋತೀನಿ” ಅನ್ನುತ್ತಿದ್ದರು. ಅವರಿಗಾಗಲೇ ನೀರು ತುಂಬಿ ಕಾಲು ಊದಿತ್ತು. ಹೆಚ್ಚು ದಿನ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮಕ್ಕಳಿಬ್ಬರಿಗೂ ಗೊತ್ತಿತ್ತು.

ಬೇರೆಯಾದ ಮೇಲೂ ಎರಡು ಸಭೆಗೂ ಅದೇ ಬೇಕರಿಯ ಬನ್ನೇ ಆಗಬೇಕು. ನಮ್ಮದೇ ಮೂಲ ಸಭೆ ಎಂಬ ಜಂಬ ಇಬ್ಬರಿಗೂ. ಆದರೆ ನಮ್ಮದನ್ನು ಅವರದರ ಜೊತೆ ಮಾಡಬಾರದು ಎಂದು ಇಬ್ಬರೂ ತಾಕೀತು ಮಾಡಿ ಬಂದಿದ್ದರು. ಬೇಕರಿಯವರು ಹೂಂ ಎಂದಿದ್ದರಂತೆ.

ಒಂದು ಶನಿವಾರ ಕರೆಂಟ್ ಹೋಗಿ ಬೇಕರಿಯಲ್ಲಿ ಎಲ್ಲ ತಡವಾಗಿತ್ತು. ನಾನು ಅಪ್ಪನ ಜೊತೆ ಹೋಗಿದ್ದೆ. ಕೌಂಟರಿನ ಆ ತುದಿಗೆ ಚಿಕ್ಕಪ್ಪ, ಈ ತುದಿಗೆ ಅಪ್ಪ. ಇಬ್ಬರೂ ಗಾಜಿನೊಳಗಿನ ದಿಲ್‌ಪಸಂದನ್ನು ಜೀವಮಾನದಲ್ಲಿ ಕಾಣದವರ ಹಾಗೆ ನೋಡುತ್ತಾ ನಿಂತಿದ್ದರು. ಬೇಕರಿಯವರು ಒಳಗಿನಿಂದ ಟ್ರೇ ತಂದು ಮಧ್ಯದಲ್ಲಿಟ್ಟರು. ಅದರಲ್ಲಿ ಎರಡು ದೊಡ್ಡ ಬನ್ನು ಉಬ್ಬಿ, ಪಕ್ಕಕ್ಕೆ ಪಕ್ಕ ಅಂಟಿಕೊಂಡಿದ್ದವು. ಎರಡೂ ಕೈಯಿಂದ ಅವನ್ನು ಬಿಡಿಸಿ, ಪೇಪರಿನಲ್ಲಿ ಸುತ್ತಿ, ಒಂದನ್ನು ಅಪ್ಪನ ಮುಂದೆ, ಇನ್ನೊಂದನ್ನು ಚಿಕ್ಕಪ್ಪನ ಮುಂದೆ ಇಟ್ಟರು.

ಬೇರೆ ಮಾಡಿ ಎಂದು ಹೇಳಿದ್ದೆವಲ್ಲ ಎಂದರು ಅಪ್ಪ. ಚಿಕ್ಕಪ್ಪನೂ ಅದನ್ನೇ ಅಂದರು. ಇಷ್ಟು ತಿಂಗಳೂ ಎರಡು ಸಭೆಯವರು ತಿಂದದ್ದು ಒಂದೇ ಹಿಟ್ಟಿನದೇ ಇರಬೇಕು ಎಂದು ಆಗ ಹೊಳೆಯಿತು.

“ಒಂದೇ ಟ್ರೇಲಿ ಇಟ್ರೆ ಅಂಟ್ಕೊಳ್ತವೆ ಸಾರ್,” ಎಂದು ಬೇಕರಿಯವರು ಕೈ ಒರೆಸಿಕೊಂಡರು. “ನಿಮ್ ಜಗಳ ಬನ್ನಿಗೇನ್ ಗೊತ್ತು?”

ನಕ್ಕು ಮುಗಿಸಬಹುದಾಗಿತ್ತು. ಅಷ್ಟು ದೊಡ್ಡ ಮನಸ್ಸು ನಮ್ಮವರಿಗೆ ಎಲ್ಲಿಂದ ಬರಬೇಕು? ಮರುದಿನ ಎರಡೂ ಸಭೆಗಳಲ್ಲಿ, ಮಾತಾಡಿಕೊಂಡವರ ಹಾಗೆ, ಆ ಬೇಕರಿಗೆ ಯಾರೂ ಕಾಲಿಡಬಾರದೆಂದು ಹೇಳಿದರು. ನಾಮ ಹಾಕಿದವನು ಬೇಕೆಂದೇ ನಮ್ಮ ಸಂಸ್ಕಾರ ಕೆಡಿಸಿದ ಎಂದರು. ಆ ವರ್ಷದ ಕ್ರಿಸ್‌ಮಸ್ ಕೇಕ್ ಕೂಡ ಬೆಂಗಳೂರಿನಿಂದ ಬಂತು. ಅಷ್ಟೊಂದು ಉಪವಾಸ ಮಾಡಿದರೂ ಬರದ ಒಗ್ಗಟ್ಟು, ಒಬ್ಬ ಬಡಪಾಯಿಯ ವ್ಯಾಪಾರ ಕೆಡಿಸುವುದಕ್ಕೆ ರಾತ್ರಿ ಬೆಳಗಾಗುವುದರೊಳಗೆ ಬಂದಿತ್ತು.

ಅಜ್ಜಿಗೆ ವಿಷಯ ಹೇಳಿದೆ. ಮಲಗಿದ್ದಲ್ಲೇ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ, ಅಂಥದ್ದೇ ಒಂದು ಜೋಡಿಯನ್ನು ಬಿಡಿಸದೆ ತಂದುಕೊಡು ಎಂದರು. ನಾನು ಹೋಗಿ ಕೇಳಿದೆ, ಯಾಕೆಂದೂ ಹೇಳಿದೆ. “ನಿಮ್ಮೋರ ಸಹವಾಸ ಸಾಕಮ್ಮಾ” ಎಂದು ಬೇಕರಿಯವರು ಒಳಗೆ ಹೋಗಿಬಿಟ್ಟರು. ಮೆಟ್ಟಿಲಿಳಿಯುವಷ್ಟರಲ್ಲಿ ಸಂಜೆ ಬಾ ಎಂದು ಒಳಗಿನಿಂದಲೇ ಕೂಗಿದರು.

ಮರುದಿನ ಅಜ್ಜಿ ಇಬ್ಬರು ಮಕ್ಕಳನ್ನೂ ಕರೆಸಿದರು. ಬನ್ನಿನ ತಟ್ಟೆಯನ್ನು ಮಂಚದ ಮೇಲಿಡಿಸಿ, ಇಬ್ಬರೂ ಸೇರಿ ಮುರಿದುಕೊಡಿ ಎಂದು ಕೇಳಿದರು. ಮೊದಲು ನಮ್ಮ ಅಯ್ಯನವರು ಬಂದು ಪ್ರಾರ್ಥನೆ ಮಾಡಲಿ ಎಂದರು ಅಪ್ಪ. ಅವರು ಬಂದರೆ ನಾನು ಎದ್ದುಹೋಗುತ್ತೇನೆ ಎಂದರು ಚಿಕ್ಕಪ್ಪ. ಸಾಯುವ ತಾಯಿಯ ಕಾಲ ಬಳಿ ಕೂತು, ಯಾರ ಪಾಸ್ಟರ ಪ್ರಾರ್ಥನೆ ದೇವರಿಗೆ ಮುಟ್ಟುತ್ತದೆ ಎಂದು ಕಾಫಿ ಆರಿ ಕೆನೆಗಟ್ಟುವವರೆಗೂ ವಾದಿಸಿದರು. ಇವರ ರಕ್ತವೇ ನನ್ನಲ್ಲೂ ಇದೆಯಲ್ಲ ಎಂದು ನನಗೆ ಹೇಸಿಗೆಯಾಯಿತು. ಅಜ್ಜಿ ಕೈ ಚಾಚಿ, ಎರಡು ಬನ್ನು ಅಂಟಿದ್ದ ಜಾಗದಲ್ಲಿ ತಾವೇ ಒಂದು ಚೂರು ಚಿವುಟಿ ಬಾಯಿಗೆ ಹಾಕಿಕೊಂಡರು.

“ನೀವ್ ಮುಗಿಸ್ಕಂಡ್ ಬನ್ನಿ,” ಎಂದರು. “ನಂದಾಯ್ತು.”

ಆ ತಿಂಗಳೇ ತೀರಿಕೊಂಡರು. ಕರ್ತನ ಭೋಜನ ಪಡೆಯದೆ ಹೋದರಲ್ಲ ಎಂದು ಎರಡೂ ಕಡೆಯವರು ಲೊಚಗುಟ್ಟಿದರು. ಗುಂಡಿಯ ಒಂದು ಪಕ್ಕ ಚಪ್ಪಾಳೆಯ ಹಾಡು, ಇನ್ನೊಂದು ಪಕ್ಕ ಕೈಕಟ್ಟಿಕೊಂಡು ಬೇರೆಯೇ ಹಾಡು. ಬೇಕರಿಯವರು ಸ್ಮಶಾನದ ಗೇಟಿನ ಆಚೆ ನಿಂತಿದ್ದರು. ಒಳಗೆ ಬನ್ನಿ ಎಂದವರಿಲ್ಲ. ನಾನು ಹೋಗಿ, ಅಜ್ಜಿ ತಿಂದರು ಎಂದೆ. ಅವತ್ತು ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು ಎಂದು ಏನೋ ಹೇಳಿದರು... ಮುಂದಿನ ವರ್ಷ ಅಂಗಡಿ ಮುಚ್ಚಿ ಊರಿಗೆ ಹೋದರು.

ಈಗ ಎರಡೂ ಸಭೆಗೆ ಸೂಪರ್ ಮಾರ್ಕೆಟ್ಟಿನ ಪ್ಯಾಕೆಟ್ ಬ್ರೆಡ್ಡು. ಒಂದೇ ಕಂಪನಿಯದು, ಒಂದೇ ಅಂಗಡಿಯದು. ಕಣ್ಣೆದುರಿಗೆ ಬಿಡಿಸಿ ಕೊಡುವವರಿಲ್ಲ, ಹಾಗಾಗಿ ಯಾರ ಧರ್ಮವೂ ಕೆಡುವುದಿಲ್ಲ.

ಬೇಕರಿಯವರು ತೀರಿಕೊಂಡು ವರ್ಷವಾಯಿತೆಂದು ಮೊನ್ನೆ ಅವರ ಪಕ್ಕದ ಅಂಗಡಿಯವರು ಹೇಳಿದರು. ಅಲ್ಲೇ ರಸ್ತೆಯಲ್ಲಿ ನನಗೆ ಅಳು ಬಂತು. ಮನೆಗೆ ಬಂದು ಅಪ್ಪನಿಗೆ ತಿಳಿಸಿದೆ. ಅವರು ಬೈಬಲಿನಿಂದ ತಲೆಯೆತ್ತಿದರು.

“ಯಾವ ಬೇಕರಿಯವ್ನು?” ಎಂದರು.