ಹೂಂ ಅನ್ನುತ್ತಿದ್ದ ಡಾಕ್ಟರು

ಡಾಕ್ಟರ್ ಮಿಲ್ಟನ್ ಪಿಂಕಸ್ ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಬಹಳ ಕಡಿಮೆ. ಎಡಗಿವಿ ಕೇಳಿಸುತ್ತಿರಲಿಲ್ಲ, ಅದಕ್ಕೇ ನನ್ನನ್ನು ಬಲಗಡೆಯ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಹಾಲಿಲ್ಲದ ಚಹಾವನ್ನು ಗಾಜಿನ ಲೋಟದಲ್ಲಿ ಕುಡಿಯುತ್ತಿದ್ದರು. ಯಹೂದಿಗಳಾದ್ದರಿಂದ ಶನಿವಾರ ಯಾರನ್ನೂ ನೋಡುತ್ತಿರಲಿಲ್ಲ. ಇಷ್ಟೇ. ನನ್ನ ಬಗ್ಗೆ ಮಾತ್ರ ಅವರಿಗೆ ಎಲ್ಲ ಗೊತ್ತಿತ್ತು, ನನ್ನ ಮಗನಿಗೂ ಗೊತ್ತಿಲ್ಲದ್ದು ಗೊತ್ತಿತ್ತು.

ಅವರ ಹತ್ತಿರ ಮೊದಲ ಸಲ ಹೋದಾಗ ನಮ್ಮ ಯಜಮಾನರು ಸಂಗನಬಸಪ್ಪನವರು ಲಿಂಗೈಕ್ಯರಾಗಿ ಆರು ತಿಂಗಳಾಗಿತ್ತು. ನನಗೆ ನಿದ್ದೆ ಬರುತ್ತಿರಲಿಲ್ಲ. ನಾವಿರುವ ಪೇರ್ಲ್ಯಾಂಡಿನ ಮಾಮೂಲಿ ಡಾಕ್ಟರು ಮಾತ್ರೆ ಬರೆಯುವ ಬದಲು ಒಂದು ವಿಳಾಸ ಬರೆದುಕೊಟ್ಟರು. ಹ್ಯೂಸ್ಟನ್‌ನ ಮೇಯರ್‌ಲ್ಯಾಂಡ್‌ನಲ್ಲಿ ಒಬ್ಬ ಹಿರಿಯ ಥೆರಪಿಸ್ಟ್ ಇದ್ದಾರೆ, ಎಂಬತ್ತು ದಾಟಿದೆ, ವಾರಕ್ಕೆ ಎರಡೇ ದಿನ ಕೂರುತ್ತಾರೆ ಎಂದರು.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ನನಗೆ ಹೈವೇಯಲ್ಲಿ ಕಾರು ಓಡಿಸಲು ಬರುವುದಿಲ್ಲ. ಪಕ್ಕದ ಬೀದಿಯ ವಾಣಿಶ್ರೀ ಮಂಗಳವಾರ ಆ ಕಡೆಯೇ ಕೆಲಸಕ್ಕೆ ಹೋಗುವವಳು, ಅವಳಿಗೆ ಕಣ್ಣಿನ ಡಾಕ್ಟರು ಎಂದು ಹೇಳಿದ್ದೆ. ಹುಬ್ಬಳ್ಳಿಯ ಹುಡುಗಿ, ಸುಮ್ಮನಿರುವವಳಲ್ಲ.

"ಏನ್ರಿ ಆಂಟಿ, ವಾರಾ ವಾರಾ ಕಣ್ಣ ತೋರಸ್ತೀರಿ! ಒಂದ ಕಣ್ಣ ತಗದು ಬ್ಯಾರೆ ಹಾಕಾಕತ್ತಾರೇನ್ರಿ?"

"ನೀರ ಬರತಾವವಾ, ಅದಕ್ಕ," ಎನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ.

ಮೊದಲ ದಿನ ನನಗೆ ಮಾತೇ ಹೊರಡಲಿಲ್ಲ. ನನ್ನ ಇಂಗ್ಲಿಷು ಲೈಬ್ರರಿಯ ಮಕ್ಕಳ ಪುಸ್ತಕಗಳಿಂದ ನಾನೇ ಕಲಿತದ್ದು. ತರಕಾರಿ ಕೊಳ್ಳಲು, ದಾರಿ ಕೇಳಲು ಸಾಕಾಗುತ್ತಿತ್ತು, ಇದಕ್ಕೆ ಸಾಕಾಗಲಿಲ್ಲ. ಡಾಕ್ಟರು ಸ್ವಲ್ಪ ಹೊತ್ತು ಕಾದು, "ಮೊದಲು ನಿಮ್ಮ ಭಾಷೆಯಲ್ಲೇ ಹೇಳಿ. ಆಮೇಲೆ ಇಂಗ್ಲಿಷಿನಲ್ಲಿ ಎಷ್ಟು ಬರುತ್ತದೋ ಅಷ್ಟು ಹೇಳಿದರಾಯಿತು" ಎಂದರು.

"ನಿಮಗೆ ತಿಳಿಯುವುದಿಲ್ಲವಲ್ಲ?"

"ನಿಮಗೆ ತಿಳಿಯುತ್ತದಲ್ಲ."

ನಾನು ಕನ್ನಡದಲ್ಲಿ ಶುರು ಮಾಡಿದೆ. ಆದರೆ ಎರಡು ಮಾತಿಗೇ ನಿಂತುಬಿಟ್ಟೆ. ಯಾಕೆ ಎಂದು ಕೇಳಿದರು. ನಮ್ಮ ಕಡೆ ಒಬ್ಬರು ಹೇಳುವಾಗ ಕೇಳುವವರು ನಡುನಡುವೆ ಹೂಂ ಅನ್ನಬೇಕು, ಹೂಂ ಇಲ್ಲದಿದ್ದರೆ ಹೇಳುವವರಿಗೆ ಮಾತು ಮುಂದಕ್ಕೆ ಹೋಗುವುದಿಲ್ಲ ಎಂದೆ. ಡಾಕ್ಟರು ನಗಲಿಲ್ಲ. ಲೋಟ ಕೆಳಗಿಟ್ಟರು. "ಒಂದು ಸಲ ಅಂದು ತೋರಿಸಿ" ಎಂದರು. ತೋರಿಸಿದೆ. ಅವತ್ತಿನಿಂದ ಎರಡು ವರ್ಷ, ಪ್ರತಿ ಮಂಗಳವಾರ ಹನ್ನೊಂದು ಗಂಟೆಗೆ, ಆ ಮುದುಕರು ಒಂದಕ್ಷರವೂ ಗೊತ್ತಿಲ್ಲದ ಭಾಷೆಗೆ ಹೂಂ, ಹೂಂ ಎಂದು ಕೂತರು.

ನಾನು ಹೇಳಿದ್ದು ಇದು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಯಜಮಾನರು ಹೋದ ದಿನ ಎಲ್ಲ ವ್ಯವಸ್ಥೆಗೆ ನಿಂತವರು ಅವರ ಆಫೀಸಿನ ಗೆಳೆಯ, ಮೈಸೂರಿನ ರಘುನಂದನ. ತುಂಬಾ ಒಳ್ಳೆಯವರು. ನಡುಮನೆಯಲ್ಲಿ ನನ್ನ ಮಗ ಸಿದ್ಧಾರ್ಥನನ್ನು ಕೇಳಿದರು.

"ನಿಮ್ಮಲ್ಲಿ ಏನಾದ್ರೂ ಬೇರೆ ಪದ್ಧತಿ ಇದೆಯೇನೋ? ಅಮ್ಮನ್ನ ಒಂದ್ಮಾತು ಕೇಳು."

"ನೋ ಅಂಕಲ್, ಸೇಮ್ ಆಸ್ ಎವ್ರಿಬಡಿ. ಅಮ್ಮನ್ನ ಡಿಸ್ಟರ್ಬ್ ಮಾಡೋದು ಬೇಡ."

ಅವನು ಇಲ್ಲೇ ಹುಟ್ಟಿದವನು, ಊರಿನಲ್ಲಿ ಒಬ್ಬರನ್ನು ಮಣ್ಣು ಮಾಡಿದ್ದನ್ನೂ ಕಂಡವನಲ್ಲ. ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ನಾಲ್ಕು ಹೆಜ್ಜೆ ಇಟ್ಟು ಇಲ್ಲ ಎನ್ನಬಹುದಿತ್ತು. ಅಷ್ಟು ಜನ ರಜೆ ಹಾಕಿ ಓಡಾಡುತ್ತಿದ್ದಾರೆ, ಈಗ ಬೇಡ ಎಂದರೆ ಎಲ್ಲರಿಗೂ ತೊಂದರೆ ಎನಿಸಿತು. ಸುಮ್ಮನಾದೆ. ಸುಟ್ಟರು. ಬೆಂಕಿಗೆ ಹಾಕಬಾರದೆಂದು ಕೈಗಡಿಯಾರದ ಜೊತೆಗೆ ಅವರ ಇಷ್ಟಲಿಂಗವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಆಗಿನಿಂದ ದಿನಾ ಪೂಜೆಗೆ ಕೂತಾಗ ನನ್ನ ಲಿಂಗದ ಪಕ್ಕ ಅದೂ ಇರುತ್ತದೆ. ಅದರ ಮುಂದೆ ನನಗೆ ಕಣ್ಣು ಮುಚ್ಚಲಾಗುತ್ತಿರಲಿಲ್ಲ.

ಇದನ್ನು ಇಂಗ್ಲಿಷಿನಲ್ಲಿ ಪೂರ್ತಿ ಹೇಳಿ ಮುಗಿಸಿದ ದಿನ ಡಾಕ್ಟರು ತಮ್ಮ ಬಗ್ಗೆ ಒಂದು ಮಾತು ಆಡಿದರು. "ನಾವೂ ಮಣ್ಣು ಮಾಡುವವರೇ." ಆಮೇಲೆ ಕೇಳಿದರು, "ಮಗನಿಗೆ ಹೇಳಿದಿರಾ?"

"ಇಲ್ಲ. ಅವನು ನೊಂದುಕೊಳ್ಳುತ್ತಾನೆ."

ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದರೋ. ಕಡೆಯ ಮಂಗಳವಾರ ಬಾಗಿಲವರೆಗೂ ಬಂದರು. "ನಾನು ಕೇಳಿದರೆ ಸಾಲದು ಸುಮಿತ್ರಾ. ಕೇಳಬೇಕಾದ ನಿಮ್ಮ ಮಗ ಕಾಪೆಲ್ ಊರಿನಲ್ಲಿದ್ದಾನೆ." ಮುಂದಿನ ವಾರ ನೋಡೋಣ ಎಂದು ಬಂದೆ.

ಮುಂದಿನ ವಾರ ಬರಲಿಲ್ಲ. ಶನಿವಾರ ಸಂಜೆ ಅವರ ಜೊತೆ ಕೆಲಸ ಮಾಡುವ ಹೆಂಗಸೊಬ್ಬರು ಫೋನ್ ಮಾಡಿದರು. ಡಾಕ್ಟರು ಶುಕ್ರವಾರ ಮಧ್ಯಾಹ್ನ ಕುರ್ಚಿಯಲ್ಲೇ ಹೋದರಂತೆ. "ನಾಳೆ ಬೆಳಿಗ್ಗೆ ಹತ್ತಕ್ಕೆ ಮಣ್ಣು. ಬರಬೇಕೆನಿಸಿದರೆ ಬನ್ನಿ, ನೀವು ಯಾರೆಂದು ಯಾರೂ ಕೇಳುವುದಿಲ್ಲ" ಎಂದರು.

ಭಾನುವಾರ ವಾಣಿಶ್ರೀಯನ್ನೇ ಕೇಳಬೇಕಾಯಿತು.

"ಅಯ್ಯ ಶಿವನ! ಕಣ್ಣಿನ ಡಾಕ್ಟರ್ ಮಣ್ಣಿಗೂ ಹೊಂಟೀರೇನ್ರಿ?" ಎಂದವಳು ನನ್ನ ಮುಖ ನೋಡಿ ಕಾರು ತೆಗೆದಳು. ಸ್ಮಶಾನದ ಗೇಟಿನ ಹತ್ತಿರ ಇಳಿಸುವಾಗ ಮೆಲ್ಲಗೆ, "ನಾ ಇಲ್ಲೇ ಇರತೀನ್ರಿ ಆಂಟಿ, ಸಾವಕಾಶ ಬರ್ರಿ" ಎಂದಳು.

ಡಾಕ್ಟರ ಮೊಮ್ಮಗಳು ತಾಲಿಯಾ ಮಾತಾಡಿದಳು. ಅವರ ಬದುಕನ್ನು ನಾನು ಕೇಳಿದ್ದು ಆಗಲೇ. ಅವರ ತಂದೆ ಗ್ಯಾಲ್ವೆಸ್ಟನ್‌ನಲ್ಲಿ ಹಡಗಿಳಿದು, ಮನೆಮನೆಗೆ ಗುಂಡಿ, ದಾರ ಮಾರಿ, ಆಮೇಲೆ ಹ್ಯೂಸ್ಟನ್‌ನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಅರಿವೆ ಕೊಳ್ಳಲು ಬಂದ ಹೆಂಗಸರು ಮನೆಯ ಕಷ್ಟ ಹೇಳಿಕೊಳ್ಳುತ್ತಿದ್ದರು, ತಂದೆ ಅಳತೆ ಹಾಕುತ್ತಾ ಕೇಳುತ್ತಿದ್ದರು, ಪುಟ್ಟ ಮಿಲ್ಟನ್ ಮೇಜಿನ ಕೆಳಗೆ ಕೂತು ಇಬ್ಬರನ್ನೂ ಕೇಳುತ್ತಿದ್ದನಂತೆ. ಆಸ್ಟಿನ್‌ನಲ್ಲಿ ಓದಿದ್ದು, ಅಲ್ಲೇ ರೂತ್ ಎಂಬವರನ್ನು ಮದುವೆಯಾದದ್ದು, ಯುದ್ಧದಿಂದ ಮರಳಿದ ಹುಡುಗರ ಮಾತು ಕೇಳುತ್ತಾ ಮಿಲಿಟರಿ ಆಸ್ಪತ್ರೆಯಲ್ಲಿ ಆರು ವರ್ಷ ಕಳೆದದ್ದು. ಹಾರ್ವಿ ಬಿರುಗಾಳಿಯಲ್ಲಿ ಮನೆಯೊಳಗೆ ಸೊಂಟದವರೆಗೆ ನೀರು ನಿಂತಾಗ ತೀರಿಹೋದ ಹೆಂಡತಿಯ ಎರಡು ಮೇಣದಬತ್ತಿ ಸ್ಟ್ಯಾಂಡುಗಳನ್ನಷ್ಟೇ ಎದೆಗವಚಿಕೊಂಡು ದೋಣಿ ಹತ್ತಿದರಂತೆ. ಮೊಮ್ಮಕ್ಕಳು ಅವರನ್ನು ಝೇಡಿ ಅನ್ನುತ್ತಿದ್ದರು, ಅಜ್ಜ ಎಂದು. ಪ್ರತಿ ಶುಕ್ರವಾರ ಹೊತ್ತು ಮುಳುಗುವ ಮುಂಚೆ ನಾಲ್ವರಿಗೂ ಫೋನ್ ಮಾಡಿ ಆಶೀರ್ವಾದ ಹೇಳುತ್ತಿದ್ದರು. "ಮೊನ್ನೆ ಆಸ್ಟಿನ್‌ನಲ್ಲಿ ಫೋನ್ ಹಿಡಿದುಕೊಂಡೇ ಕೂತಿದ್ದೆ" ಎಂದು ಮಾತು ಮುಗಿಸಿದಳು.

ಮನೆಯವರೆಲ್ಲ ಒಟ್ಟಿಗಿದ್ದರು. ಅವರಿಂದ ದೂರ, ಒಬ್ಬೊಬ್ಬರೇ ನಿಂತವರು ಐದಾರು ಮಂದಿ. ಒಬ್ಬ ಪೊಲೀಸ್ ಸಮವಸ್ತ್ರದವನು, ಒಬ್ಬ ಗರ್ಭಿಣಿ, ಕೋಲು ಹಿಡಿದ ಒಬ್ಬ ಮುದುಕ. ನನ್ನ ಹಾಗೆಯೇ ಅವರವರ ವಾರ, ಅವರವರ ಗಂಟೆ ಇದ್ದವರು. ನಾವು ಒಬ್ಬರನ್ನೊಬ್ಬರು ನೋಡಲಿಲ್ಲ. ಅಳುವುದಕ್ಕೆ ನಮಗೆ ಯಾವ ಸಂಬಂಧದ ಹೆಸರೂ ಇರಲಿಲ್ಲ.

ಪೆಟ್ಟಿಗೆ ಇಳಿಸಿದ ಮೇಲೆ ಬಂದವರೇ ಮಣ್ಣು ಹಾಕತೊಡಗಿದರು. ಸಲಿಕೆಯನ್ನು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಳ್ಳುತ್ತಿರಲಿಲ್ಲ. ಹಾಕಿದವರು ಮಣ್ಣಿನ ರಾಶಿಗೆ ಚುಚ್ಚಿ ಹೋಗುತ್ತಿದ್ದರು, ಮುಂದಿನವರು ಅಲ್ಲಿಂದ ಎತ್ತಿಕೊಳ್ಳುತ್ತಿದ್ದರು. ದುಃಖವನ್ನು ಒಬ್ಬರು ಮತ್ತೊಬ್ಬರಿಗೆ ದಾಟಿಸಬಾರದೆಂದು ಹಾಗಂತೆ. ಮೊದಲ ಸಲ ಸಲಿಕೆಯ ಬೆನ್ನಿನಿಂದಲೇ ಸ್ವಲ್ಪ ಹಾಕುತ್ತಿದ್ದರು, ಮನಸ್ಸಿಲ್ಲದವರು ಹಾಕುವ ಹಾಗೆ.

ಸಾಲು ಮುಗಿಯಿತು. ಸಲಿಕೆ ರಾಶಿಯಲ್ಲಿ ನಿಂತಿತ್ತು. ನಾನು ಹೋದೆ. ಬೆನ್ನಿನಿಂದ ಒಂದು ಸಲ ಹಾಕಿದೆ. ಆಮೇಲೆ ಚಪ್ಪಲಿ ಬಿಟ್ಟು, ಬಗ್ಗಿ, ನಮ್ಮವರು ಕೊಡುವಂತೆ ಬೊಗಸೆಯಲ್ಲಿ ಮೂರು ಸಲ ಕೊಟ್ಟೆ. ಹ್ಯೂಸ್ಟನ್‌ನ ಕಪ್ಪು ಜಿಗುಟು ಮಣ್ಣು, ನಮ್ಮ ಎರೆಭೂಮಿಯ ಹಾಗೆ ಬೆರಳಿಗೆ ಅಂಟಿಕೊಂಡಿತು. ನನ್ನ ಗಂಡನಿಗೆ ನಾನು ಮಣ್ಣು ಕೊಟ್ಟಿರಲಿಲ್ಲ.

ತಾಲಿಯಾ ನೋಡುತ್ತಿದ್ದಳು. ಹತ್ತಿರ ಬಂದು, "ನಮ್ಮ ಝೇಡಿ ನಿಮಗೆ ಹೇಗೆ ಗೊತ್ತು?" ಎಂದಳು.

ನನ್ನ ಬಾಯಿಂದ ಬರೀ ಹೂಂ ಎಂದು ಹೊರಟಿತು.

ಅವಳು ನನ್ನ ಮಣ್ಣಿನ ಕೈ ಹಿಡಿದುಕೊಂಡಳು. "ಇದು! ಎರಡು ವರ್ಷದಿಂದ ನಾವು ಏನು ಹೇಳಿದರೂ ಫೋನಿನಲ್ಲಿ ಇದನ್ನೇ ಅನ್ನುತ್ತಿದ್ದರು. ಎಲ್ಲಿ ಕಲಿತಿರಿ ಎಂದರೆ ಹೇಳುತ್ತಿರಲಿಲ್ಲ. ವಯಸ್ಸಾಯಿತು ಅಂದುಕೊಂಡಿದ್ದೆವು." ಮುಂದೆ ಏನೂ ಕೇಳಲಿಲ್ಲ. ಮನೆಗೆ ಬನ್ನಿ, ಏಳು ದಿನ ಶೋಕಕ್ಕೆ ಎಲ್ಲರೂ ಕೂತಿರುತ್ತೇವೆ ಎಂದಳು. ಆಗಲಿ ಎಂದೆ, ಹೋಗಲಿಲ್ಲ.

ಮನೆಗೆ ಬಂದು ಕೈ ತೊಳೆಯುವ ಮುಂಚೆ ಮಗನಿಗೆ ಫೋನ್ ಮಾಡಿದೆ.

"ಅಮ್ಮಾ, ಎವ್ರಿಥಿಂಗ್ ಓಕೇ?"

"ಸಿದ್ದೂ, ಒಂದ ಮಾತ ಹೇಳೋದೈತಿ. ಉದ್ದ ಐತಿ. ನಡುವ ನೀ ಹೂಂ ಅನ್ನು."

"ವಾಟ್?"

"ಹೂಂ ಅನ್ನಪಾ, ಸಾಕು."

ಹೇಳಿದೆ. ಬಾಗಿಲ ಹಿಂದೆ ನಿಂತದ್ದು, ಪ್ಲಾಸ್ಟಿಕ್ ಚೀಲ, ಮಂಗಳವಾರಗಳು. ಅವನು ಮೊದಲು ಎರಡು ಸಲ ಹೂಂ ಅಂದ. ಆಮೇಲೆ ಮರೆತ. ಬಹಳ ಹೊತ್ತಾದ ಮೇಲೆ, "ಯಾಕೆ ಅವತ್ತೇ ಹೇಳ್ಲಿಲ್ಲ ಅಮ್ಮಾ? ಐ ಡಿಡ್ ದಟ್ ಟು ಅಪ್ಪ?" ಎಂದ.

"ನೀ ಅಲ್ಲ, ನಾ ಸುಮ್ಮ ನಿಂತೆ. ಇಲ್ಲೆ ಕೇಳು, ನನ್ನ ಸುಡಬ್ಯಾಡ. ಮಣ್ಣ ಮಾಡು. ಅಪ್ಪಾಜಿ ಲಿಂಗಾನೂ ನನ್ನ ಕೈಯಾಗ ಇಡು. ಮಣ್ಣ ನೀನ ಕೊಡಬೇಕು."

ಫೋನಿನಲ್ಲಿ ಉಸಿರು ಮಾತ್ರ ಕೇಳುತ್ತಿತ್ತು. ನನಗೆ ಕಾಯುವುದು ಗೊತ್ತು, ಕಾದೆ.

"ಹೂಂ," ಎಂದ.