ಲೂಚಿಯಾ ಬಾಯಿಯ ಹಬ್ಬಕ್ಕೆ ಗಿಣ್ಣ

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಆಗಷ್ಟೇ ಹೊಗೆಯಾಡತೊಡಗಿದ ಕಾಲ. ಯಂತ್ರ ಜೋಡಿಸಲು ಬಂದ ಇಟಲಿಯ ಎಂಜಿನಿಯರನ ಬಂಗಲೆಯಲ್ಲಿ ಶಿವಗಂಗವ್ವ ಪಾತ್ರೆ ತಿಕ್ಕಿ, ಕಾಯಿಪಲ್ಲೆ ಹೆಚ್ಚಿ ಕೊಡುತ್ತಿದ್ದಳು. ಅಡಿಗೆಯೆಲ್ಲ ಬಟ್ಲರನದು. ಅವನು ಕ್ರಿಸ್‌ಮಸ್ಸಿಗೆಂದು ಕ್ಯಾಸಲ್‌ರಾಕಿಗೆ ಹೊರಟುಹೋದ ಮೇಲೆ ಎಂಜಿನಿಯರನ ಹೆಂಡತಿ ಲೂಚಿಯಾ ಇವಳ ಕೈ ಹಿಡಿದುಕೊಂಡಳು.

ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ತವರಿನ ಹಬ್ಬದ ಸಿಹಿಯನ್ನು ಬಣ್ಣಿಸಿದಳು. ಗಾಜಿನ ಬೋಗುಣಿಯಲ್ಲಿ ಕೆಂಪು ಮದ್ಯ ಹೀರಿದ ಕೇಕಿನ ಪದರ, ಅದರ ಮೇಲೆ ತತ್ತಿ ಒಡೆದು ಹಾಕಿ ಗಟ್ಟಿ ಮಾಡಿದ ಹಾಲಿನ ಪದರ, ಮತ್ತೆ ಕೆಂಪು, ಮತ್ತೆ ಹಾಲು. ಹೇಳುತ್ತ ಹೇಳುತ್ತ ಅವಳ ಕಣ್ಣು ಎಲ್ಲೋ ತೇಲಿಹೋದವು. ಶಿವಗಂಗವ್ವನಿಗೂ ಕಾಳಿ ಹೊಳೆಯ ಸಂಜೆಗೆಂಪಿನ ಮೇಲೆ ಮಂಜು ಮೆಲ್ಲಗೆ ಬಂದು ಕೂತಂತೆ ಕಂಡಿತು.

"ಮಾಡಿಕೊಡ್ತೇನ್ರಿ ಬಾಯಾರ," ಅಂದುಬಿಟ್ಟಳು.

ಮನೆಯಲ್ಲಿ ಅತ್ತೆ ಮುದಕವ್ವ ಸಿಡಿದೆದ್ದಳು.

"ಕೊಳ್ಳಾಗ ಲಿಂಗ ಕಟ್ಟಿಕೊಂಡಾಕಿ ತತ್ತಿ ಒಡೀತಿಯೇನ? ಒಡದ ಕೈಲೆ ನನ್ನ ಒಲಿ ಮುಟ್ಟಬ್ಯಾಡ, ಜ್ವಾಕಿ!"

"ಮಾತ ಕೊಟ್ಟೇನ್ರಿ ಅತ್ತಿ."

"ಕೊಡೂಮುಂದ ನನ್ನ ಕೇಳಿದ್ಯಾ?"

ಒಲೆ ಮುಟ್ಟದೆ ಆ ಮನೆಯಲ್ಲಿ ಸೊಸೆಯಾಗಿ ಬಾಳುವುದು ಹೇಗೆ? ಇತ್ತ ಬಾಯಾರಿಗೆ ಒಲ್ಲೆನೆನ್ನಲು ನಾಲಿಗೆಯೂ ಏಳದು.

ಮರುದಿನ ಬೆಳಿಗ್ಗೆ ನೆರೆಮನೆಯ ಯಲ್ಲವ್ವನ ಎಮ್ಮೆ ಈದಿತು. ಈದ ಎಮ್ಮೆಯ ಮೊದಲ ಹಾಲನ್ನು ಯಾರೂ ಮಾರುವುದಿಲ್ಲ, ಓಣಿಗೆಲ್ಲ ಹಂಚುತ್ತಾರೆ. ಆ ದಪ್ಪ ಹಳದಿ ಹಾಲು ತಂಬಿಗೆಯಲ್ಲಿ ಬಂದಾಗ ಶಿವಗಂಗವ್ವ ಅದನ್ನೇ ನೋಡುತ್ತ ನಿಂತಳು. ಗಿಣ್ಣ ಹೆಪ್ಪಾಗಲು ತತ್ತಿ ಯಾಕೆ ಬೇಕು?

ಬಂಗಲೆಗೆ ಓಡಿದಳು. ಮದ್ಯದ ಬದಲು ಜೋಯಿಡಾದ ಕಾಡಿನ ಮುರುಗಲ ಹಣ್ಣಿನ ಒಣಸಿಪ್ಪೆ ನೆನೆಸಿ, ಸಕ್ಕರೆ ಕರಗಿಸಿದಳು. ಆ ರಸದ ಕೆಂಪು ಬಣ್ಣ ಕಣ್ಣು ಕೋರೈಸಿತು. ಬೇಕರಿಯ ಟೋಸ್ಟನ್ನು ಅದರಲ್ಲಿ ಅದ್ದಿ ಹಾಸಿ, ಮೇಲೆ ಗಿಣ್ಣದ ಹಾಲು ಸುರಿದು ಹಬೆಗಿಟ್ಟಳು. ಆಮೇಲೆ ಮುಚ್ಚಳ ತೆಗೆದು ಇಣುಕಿದಳು. ಮುರುಗಲ ಹುಳಿಗೆ ಹಾಲು ಒಡೆದು ನೀರಾಗಿತ್ತು, ಟೋಸ್ಟು ಮೇಲೆದ್ದು ತೇಲುತ್ತಿತ್ತು.

ಮತ್ತೆ ನೆರೆಮನೆಗೆ ಓಡಿದಳು. "ಇನ್ನೊಂದೀಟು ಐತೇನಬೇ ಯಲ್ಲವ್ವಾ?"

"ಕರಾ ಕುಡೀಬ್ಯಾಡೇನ ಹುಚ್ಚಿ? ಇದ ನಿಮ್ಮತ್ತಿ ಪಾಲು, ಬ್ಯಾರೆ ತೆಗೆದಿಟ್ಟಿದ್ದೆ. ಒಯ್ದು ಆಕಿಗೆ ಕೊಡು."

ಶಿವಗಂಗವ್ವ ತಲೆಯಾಡಿಸಿದಳು. ಆದರೆ ಕಾಲು ಬಂಗಲೆಯ ದಾರಿಯನ್ನೇ ಹಿಡಿದವು.

ಈ ಸಲ ಅವಸರ ಮಾಡಲಿಲ್ಲ. ಗಿಣ್ಣವನ್ನು ಬೇರೆಯಾಗಿಯೇ ಬೇಯಿಸಿ, ಪೂರಾ ಆರಿಸಿ, ದಾರದಿಂದ ತೆಳ್ಳಗೆ ಕೊಯ್ದಳು. ಕೆಂಪು ಟೋಸ್ಟು, ಹಳದಿ ಗಿಣ್ಣ, ಮತ್ತೆ ಕೆಂಪು. ಕಿಟಕಿಯ ಬಿಸಿಲು ಗಾಜನ್ನು ಹಾಯ್ದು ಗೋಡೆಯ ಮೇಲೆ ಗುಲಾಲಿನಂತೆ ಚೆಲ್ಲಿತು. ಅವಳು ಅದನ್ನು ಕನಸಿನಂತೆ ನೋಡಿದಳು.

ಹಬ್ಬದೂಟದಲ್ಲಿ ಲೂಚಿಯಾ ಒಂದು ಚಮಚ ಬಾಯಿಗಿಟ್ಟು ತಡೆದಳು. "ನನ್ನ ಅಮ್ಮನದಲ್ಲ ಇದು," ಅಂದಳು. ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ಬಡಿಸಿಕೊಂಡಳು. ಉಳಿದದ್ದರಲ್ಲಿ ಒಂದು ಬಟ್ಟಲು ಶಿವಗಂಗವ್ವನ ಕೈಗಿತ್ತಳು.

ಮುದಕವ್ವ ಬಟ್ಟಲನ್ನು ಮೂಸಿ ನೋಡಿದಳು.

"ತತ್ತಿ?"

"ಗಿಣ್ಣರಿ."

"ಎಲ್ಲೀದು?"

"ಯಲ್ಲವ್ವ ಕೊಟ್ಟದ್ದು. ನಿಮ್ಮ ಪಾಲಿಂದು."

"ನಂದು! ನನ್ನ ಬಾಯಾಗಿಂದು ಕಸಗೊಂಡು ಆ ಬಿಳಿಮೋತಿಯಾಕಿಗೆ ತಿನಿಸಿಬಂದ್ಯಾ?" ಎನ್ನುತ್ತಲೇ ಮುದುಕಿ ಬೆರಳಿಂದ ತೆಗೆದು ನೆಕ್ಕಿದಳು, ಇನ್ನಷ್ಟು ತೆಗೆದಳು. ಬಟ್ಟಲು ಬರಿದಾದ ಮೇಲೆ ಸೆರಗಿಗೆ ಬಾಯೊರೆಸಿಕೊಂಡು ಗದರಿದಳು:

"ಏನ ನಿಂತೀ ಗರ ಬಡದಾಕಿ ಹಂಗ? ಒಲಿ ಹಚ್ಚು. ರೊಟ್ಟಿ ನಾ ಬಡೀಲೇನು?"